ಮೃಚ್ಛಕಟಿಕದ ನ್ಯಾಯಸಭೆ: ಚಾರುದತ್ತನ ಪಕ್ಷದಲ್ಲಿ ನುಡಿದವರು

ಸಂಸ್ಕೃತ ನಾಟಕಗಳಲ್ಲಿ ಅರಮನೆಯ ಉಪವನಗಳೂ ಋಷಿಗಳ ಆಶ್ರಮಗಳೂ ಹೇರಳವಾಗಿ ದೊರೆಯುವುವು. ನ್ಯಾಯಸ್ಥಾನವು ದೊರೆಯುವುದು ಬಲು ವಿರಳ. ದುಷ್ಯಂತನ ಇದಿರಿನಲ್ಲಿ ಶಕುಂತಲೆಯು ನಿಂತು ತನ್ನ ಪಕ್ಷವನ್ನು ಹೇಳಿಕೊಂಡಳಾದರೂ ಅದು ಗಂಡಹೆಂಡಿರ ಮಾತೇ ಹೊರತು, ಲೇಖಕನು ಕುಳಿತು ಬರೆದುಕೊಳ್ಳುವ ವ್ಯವಹಾರವಲ್ಲ. ಆಪಾದನೆ, ಉತ್ತರ, ಸಾಕ್ಷ್ಯ, ಸಿಕ್ಕಿಬಿದ್ದ ಒಡವೆ, ನಿರ್ಣಯ, ದಂಡನೆ ಇವೆಲ್ಲವೂ ಕ್ರಮವಾಗಿ ಪ್ರೇಕ್ಷಕನ ಕಣ್ಣೆದುರಿಗೆ ನಡೆಯುವಂತೆ ಶೂದ್ರಕನಷ್ಟು ವಿಸ್ತಾರವಾಗಿ ರಚಿಸಿದ ಕವಿಯನ್ನು ಕಾಣುವುದು ಕಷ್ಟ. ಆತನ ಹತ್ತು ಅಂಕಗಳ ‘ಮೃಚ್ಛಕಟಿಕ’ ಪ್ರಕರಣದಲ್ಲಿ ಒಂಬತ್ತನೆಯ ಅಂಕಕ್ಕೆ ‘ವ್ಯವಹಾರ’ವೆಂದೇ ಹೆಸರು.

ತಿರುವನಂತಪುರದ ಟಿ. ಗಣಪತಿಶಾಸ್ತ್ರಿಗಳು 1912ರಿಂದ ಮುಂದೆ ಪ್ರಕಟಿಸಿದ ಭಾಸನಾಟಕಗಳಲ್ಲಿ ‘ಚಾರುದತ್ತ’ವೆಂಬುದೂ ಒಂದು. ಅದರಲ್ಲಿಯೂ ಇದೇ ನಾಯಕ, ಇದೇ ನಾಯಿಕೆ, ಇದೇ ಶಕಾರ. ಆದರೆ ದೊರೆತಿರುವ ಆ ನಾಟಕವು ನಾಲ್ಕೇ ಅಂಕಗಳಿಗೆ ನಿಂತಿದೆ. ಕೊಲೆಯ ಯತ್ನವಾಗಲಿ ವಿಚಾರಣೆಯಾಗಲಿ ಅಲ್ಲಿಲ್ಲ. ಆದುದರಿಂದ ಉಪಲಬ್ಧವಾದ ಗ್ರಂಥಗಳ ಮಟ್ಟಿಗೆ ಈ ನ್ಯಾಯಸಭೆಯು ಶೂದ್ರಕನ ಸ್ವಂತ ಸಂಪತ್ತೆಂದು ಹೇಳಬಹುದು. ಹೀಗಿದ್ದರೂ ರಸಿಕರು ಸಾಮಾನ್ಯವಾಗಿ ಕೊಂಡಾಡುವುದು ಮೂರನೆಯ ಅಂಕದ ಕನ್ನವನ್ನು, ಐದನೆಯ ಅಂಕದ ಮಳೆಯನ್ನು. 1941ರಲ್ಲಿ ಈ ಕಥೆಯು ಕನ್ನಡದಲ್ಲಿ ಚಲನಚಿತ್ರವಾದಾಗ ಅದಕ್ಕೆ ‘ವಸಂತಸೇನಾ’ ಎಂದು ಹೆಸರಾಯಿತು. 1984ರಲ್ಲಿ ಗಿರೀಶ ಕಾರ್ನಾಡರು ಇದನ್ನು ಹಿಂದಿಯಲ್ಲಿ ಚಿತ್ರವಾಗಿಸಿದಾಗ ‘ಉತ್ಸವ್’ ಎಂದು ಹೆಸರಾಯಿತು. ಹೆಸರುಗಳಲ್ಲಿಯೇ ಶೃಂಗಾರವು ಮುಂದಾಗಿದೆ. ಒಂಬತ್ತನೆಯ ಅಂಕವನ್ನು ನಿಧಾನವಾಗಿ ಓದುವವರು ಕಡಮೆ. ಓದಿದವರಿಗಾದರೋ ಒಂದು ಪ್ರಶ್ನೆ ಬಿಡದೆ ಕಾಡುವುದು: ಇಡಿಯ ಉಜ್ಜಯಿನಿಯೇ ಕೊಂಡಾಡುತ್ತಿದ್ದ ಪುರುಷನೊಬ್ಬನು ಕೊಲೆಗಡುಕನೆಂದು ನಿಂತಾಗ ಆತನ ಪಕ್ಷದಲ್ಲಿ ನುಡಿದವರು ಯಾರು? ನುಡಿದ ಮಾತು ಏಕೆ ಫಲಿಸಲಿಲ್ಲ?

ಕಥೆಯ ಎಳೆಯನ್ನು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು. ರಾಜಶ್ಯಾಲನಾದ ಸಂಸ್ಥಾನಕನು, ಎಂದರೆ ಶಕಾರನು, ಪುಷ್ಪಕರಂಡಕವೆಂಬ ಹಳೆಯ ಉದ್ಯಾನದಲ್ಲಿ ವಸಂತಸೇನೆಯ ಕೊರಳನ್ನು ಹಿಸುಕಿ, ಸತ್ತಳೆಂದು ಬಗೆದು ತರಗೆಲೆಗಳಿಂದ ಮುಚ್ಚಿ, ಮರುದಿನ ತಾನೇ ನ್ಯಾಯಸ್ಥಾನಕ್ಕೆ ಬಂದು ದೂರು ಕೊಡುತ್ತಾನೆ: ಒಡವೆಯಾಸೆಗಾಗಿ ಅವಳನ್ನು ಚಾರುದತ್ತನು ಕೊಂದನಂತೆ. ಆಕೆಯನ್ನು ಒಬ್ಬ ಬೌದ್ಧಭಿಕ್ಷುವು ಬದುಕಿಸಿರುವನೆಂಬುದು ಪ್ರೇಕ್ಷಕನಿಗೆ ಗೊತ್ತು. ಸಭೆಯಲ್ಲಿರುವ ಯಾರಿಗೂ ಗೊತ್ತಿಲ್ಲ. ಅಧಿಕರಣಿಕನು ನ್ಯಾಯಾಧಿಪತಿ, ಶ್ರೇಷ್ಠಿಯೂ ಕಾಯಸ್ಥನೂ ಆತನ ಜೊತೆಗೆ ಕುಳಿತಿರುವರು. ಈ ದಿನ ವ್ಯವಹಾರವನ್ನು ನೋಡಲಾಗುವುದಿಲ್ಲವೆಂದು ಅಧಿಕರಣಿಕನು ಮೊದಲು ಹೇಳಿ ಕಳುಹಿಸಿದರೆ, ಭಾವನಾದ ಪಾಲಕರಾಜನಿಗೆ ಹೇಳಿ ಬೇರೊಬ್ಬ ನ್ಯಾಯಾಧಿಪತಿಯನ್ನು ನೇಮಿಸುವೆನೆಂದು ಶಕಾರನು ಬೆದರಿಸುತ್ತಾನೆ. ವ್ಯವಹಾರವು ಆರಂಭವಾಗುವುದಕ್ಕೆ ಮೊದಲೇ ಭಯವು ಪೀಠವನ್ನೇರಿ ಕುಳಿತಿತೆಂಬುದನ್ನು ಕವಿಯು ಹೀಗೆ ಒಂದೇ ಮಾತಿನಲ್ಲಿ ತೋರಿಸಿಬಿಟ್ಟಿರುವನು.

ಚಾರುದತ್ತನು ಎಂತಹ ಪ್ರಸಿದ್ಧನು? ಆತನು ರಾಜನಲ್ಲ, ವೀರನಲ್ಲ, ಕವಿಯಲ್ಲ. ವರ್ತಕರ ಬೀದಿಯಲ್ಲಿ ವಾಸಿಸುವ ಬ್ರಾಹ್ಮಣ ಸಾರ್ಥವಾಹನು. ಇದ್ದ ಐಶ್ವರ್ಯವನ್ನೆಲ್ಲ ಕೊಟ್ಟು ಕೊಟ್ಟು ಬಡವನಾದವನು. ಆತನ ಕೀರ್ತಿಗೆ ದಾನವೇ ಮೂಲ; ಆತನ ಬಡತನಕ್ಕೂ ದಾನವೇ ಮೂಲ. ಇಲ್ಲಿಯೇ ಶೂದ್ರಕನ ಸೂಕ್ಷ್ಮತೆಯಿರುವುದು. ಕೊಡುಗೈಯವನೆಂದು ಊರೆಲ್ಲ ಬಲ್ಲದು. ಆದುದರಿಂದ ಆತನು ಕೊಂದಾನೆಂದು ಯಾರೂ ನಂಬರು. ಕೈ ಬರಿದಾದವನೆಂದೂ ಊರೆಲ್ಲ ಬಲ್ಲದು. ಆದುದರಿಂದ ಒಡವೆಗಾಗಿ ಕೊಂದನೆಂಬ ದೂರಿಗೆ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಒಂದೇ ಕೀರ್ತಿಯು ಒಂದು ಮುಖದಿಂದ ಗುರಾಣಿಯಾಗಿಯೂ ಮತ್ತೊಂದು ಮುಖದಿಂದ ಕತ್ತಿಯಾಗಿಯೂ ಕೆಲಸಮಾಡುತ್ತದೆ.

ಈಚಿನ ಕಾಲದ ನ್ಯಾಯಾಲಯ ನಾಟಕಗಳನ್ನು ನೋಡಿ ರೂಢಿಯಾದವರಿಗೆ ಈ ಅಂಕದಲ್ಲಿ ಮೊದಲು ಕಾಣುವ ಕೊರತೆಯೆಂದರೆ ವಕೀಲನಿಲ್ಲದಿರುವುದು. ಅಮೆರಿಕೆಯ ಹೆಸರಾಂತ ಫುಟ್‌ಬಾಲ್ ಆಟಗಾರ ಓ. ಜೆ. ಸಿಂಪ್ಸನ್ ಎಂಬಾತನ ಮೇಲೆ 1994ರಲ್ಲಿ ಎರಡು ಕೊಲೆಗಳ ಆಪಾದನೆ ಬಂದು, 1995ರ ಅಕ್ಟೋಬರ್ 3ರಂದು ಜ್ಯೂರಿಯು ಆತನನ್ನು ನಿರ್ದೋಷಿಯೆಂದು ಬಿಟ್ಟಿತು. 1997ರಲ್ಲಿ ಬೇರೊಂದು ಸಿವಿಲ್ ವ್ಯಾಜ್ಯದಲ್ಲಿ ಅದೇ ಮರಣಗಳಿಗೆ ಆತನೇ ಹೊಣೆಯೆಂದು ತೀರ್ಮಾನವಾಯಿತು. ಮೊದಲನೆಯ ವಿಚಾರಣೆಯನ್ನು ಕುರಿತು 2016ರಲ್ಲಿ ಹತ್ತು ಭಾಗಗಳ ದೂರದರ್ಶನ ನಾಟಕವೊಂದು ಪ್ರಸಾರವಾಯಿತು. ಅದರಲ್ಲಿ ಆಪಾದಿತನಿಗಿಂತ ಆತನ ವಕೀಲರೇ ನಾಯಕರಂತೆ ಕಾಣುವರು. ಕೊಲೆಯ ಸ್ಥಳದಲ್ಲಿ ದೊರೆತ ಕೈಚೀಲವು ಆಪಾದಿತನ ಕೈಗೆ ಬಿಗಿಯಾಗುವುದನ್ನು ಸಭೆಯಲ್ಲಿ ತೋರಿಸಿದ ಗಳಿಗೆಯೇ ಅಲ್ಲಿ ವ್ಯವಹಾರದ ತಿರುವು. ಉಜ್ಜಯಿನಿಯ ಸಭೆಯಲ್ಲಿಯೂ ಒಂದು ವಸ್ತುವು ಎಲ್ಲರ ಮುಂದೆ ಹೊರಬೀಳುತ್ತದೆ. ಆದರೆ ಅದು ಪ್ರಸಿದ್ಧನನ್ನು ಉಳಿಸುವುದಿಲ್ಲ, ಮುಳುಗಿಸುತ್ತದೆ. ಅದರ ಅರ್ಥವನ್ನು ಬಿಡಿಸಿ ಹೇಳುವ ವಕೀಲನು ಅಲ್ಲಿಲ್ಲ.

ಇದು ಕವಿಯ ಮರೆವಲ್ಲ. ಧರ್ಮಶಾಸ್ತ್ರದಲ್ಲಿ ವಾದಿಪ್ರತಿವಾದಿಗಳು ತಮ್ಮ ಪರವಾಗಿ ಪ್ರತಿನಿಧಿಯನ್ನು ನಿಲ್ಲಿಸುವುದಕ್ಕೆ ಎಡೆಯುಂಟು. ಆದರೆ ಮನುಷ್ಯವಧೆ, ಕಳವು, ರಾಜದ್ರೋಹ ಮೊದಲಾದ ಗುರುತರವಾದ ಆಪಾದನೆಗಳಲ್ಲಿ ಪ್ರತಿನಿಧಿಯು ಸಲ್ಲದು, ಮಾಡಿದವನೆನಿಸಿಕೊಂಡವನೇ ನಿಂತು ವಾದಿಸಬೇಕು ಎಂದು ಕಾತ್ಯಾಯನನು ವಿಧಿಸಿರುವನು. ಆದುದರಿಂದ ಚಾರುದತ್ತನು ಒಂಟಿಯಾಗಿ ನಿಂತಿರುವುದು ಶಾಸ್ತ್ರಸಮ್ಮತವೇ. ಹಾಗಿದ್ದರೂ ವಿಧಿಯಿಂದ ನಿಯಮಿತರಾಗದ ಮೂವರು ಆತನ ಪಕ್ಷವನ್ನು ತಾವಾಗಿಯೇ ಹಿಡಿಯುತ್ತಾರೆ. ಅವರು ಹಿಡಿದ ಬಗೆಯನ್ನು ಒಂದೊಂದಾಗಿ ಪರಿಶೀಲಿಸತಕ್ಕದ್ದು.

ಮೊದಲನೆಯವನು ಅಧಿಕರಣಿಕನೇ. ಚಾರುದತ್ತನಲ್ಲಿ ದೋಷವನ್ನು ಹುಡುಕುವುದು ಪರ್ವತರಾಜನನ್ನು ತಕ್ಕಡಿಯಲ್ಲಿಟ್ಟು ತೂಗಿದಷ್ಟು ಅಸಾಧ್ಯವೆಂದು ಆತನ ಅಭಿಪ್ರಾಯ. ಆಪಾದಿತನ ಮುಖವನ್ನು ನೋಡಿ, ಇಂತಹ ಆಕೃತಿಯು ಪಾಪಕ್ಕೆ ನೆಲೆಯಾಗದೆಂದು ತೀರ್ಮಾನಿಸಿ, ಆಸನವನ್ನು ಕೊಡಿಸುತ್ತಾನೆ. ಇದು ಸಜ್ಜನಿಕೆ; ಆದರೆ ನ್ಯಾಯವಲ್ಲ. ಸ್ತ್ರೀಘಾತಕನಿಗೆ ಆಸನವೇ ಎಂದು ಶಕಾರನು ಕೂಗಿದಾಗ ಮಾತು ನೀಚನದಾದರೂ ಆಕ್ಷೇಪವು ಸಾಧುವೇ ಆಗಿದೆ. ಮುಖಲಕ್ಷಣದಿಂದ ಕೊಟ್ಟ ಆಸನವನ್ನು ಉಳಿಸಿಕೊಳ್ಳುವುದಕ್ಕೆ ಪ್ರಮಾಣವು ಬೇಕು. ಪ್ರಮಾಣವು ವಿರುದ್ಧವಾಗುತ್ತ ಬಂದಂತೆ ಅದೇ ಅಧಿಕರಣಿಕನು ಅದೇ ಆಸನವನ್ನು ತೆಗೆಸುತ್ತಾನೆ. ಚಾರುದತ್ತನು ನೆಲದ ಮೇಲೆ ಕುಳಿತುಕೊಳ್ಳುತ್ತಾನೆ. ಕೀರ್ತಿಯು ಕೊಟ್ಟ ಪೀಠವು ಎಷ್ಟು ಹೊತ್ತು ನಿಲ್ಲುವುದೆಂಬುದಕ್ಕೆ ಇದಕ್ಕಿಂತ ಸರಳವಾದ ರಂಗಕ್ರಿಯೆಯು ಬೇಕೆ?

ಈ ಸಜ್ಜನನಲ್ಲಿ ಇನ್ನೂ ದೊಡ್ಡದೊಂದು ಲೋಪವುಂಟು. ಶಕಾರನು ದೂರು ಹೇಳುವ ಭರದಲ್ಲಿ, ಯಾರೂ ಕೇಳದೆಯೇ, ಕೊಂದವನು ತಾನಲ್ಲವೆಂದು ಬಾಯಿತಪ್ಪಿ ನುಡಿದು ಬಾಯನ್ನು ಮುಚ್ಚಿಕೊಳ್ಳುತ್ತಾನೆ. ಅದನ್ನು ಬರೆದುಕೊಳ್ಳುವಂತೆ ಅಪ್ಪಣೆಯೂ ಆಗುತ್ತದೆ. ಶಕಾರನು ಬರೆದುದನ್ನು ಕಾಲಿನಿಂದ ಅಳಿಸಿಬಿಡುತ್ತಾನೆ! ಬಣ್ಣಗೆಡುವುದು, ಬೆವರುವುದು, ತುಟಿ ಸವರಿಕೊಳ್ಳುವುದು ಮೊದಲಾದ ಚಿಹ್ನೆಗಳಿಂದ ದುಷ್ಟನಾದ ವಾದಿಯನ್ನು ಗುರುತಿಸಬೇಕೆಂದು ಯಾಜ್ಞವಲ್ಕ್ಯನು ಹೇಳಿರುವನು. ಸಭೆಯ ಲೇಖವನ್ನೇ ತುಳಿದು ಅಳಿಸುವುದಕ್ಕಿಂತ ಹೆಚ್ಚಿನ ಚಿಹ್ನೆ ಯಾವುದು? ಅಧಿಕರಣಿಕನು ಕಂಡನು, ಕಂಡು ಸುಮ್ಮನಾದನು. ಆತನಿಗೆ ಶಾಸ್ತ್ರವು ತಿಳಿಯದೆಯಲ್ಲ. ಬೆಳಗ್ಗೆ ಕೇಳಿದ ಬೆದರಿಕೆಯು ಕಿವಿಯಲ್ಲಿ ಇನ್ನೂ ಇದ್ದಿತು.

ಎರಡನೆಯವಳು ವಸಂತಸೇನೆಯ ತಾಯಿ. ಮೈತ್ರೇಯನ ಕಂಕುಳಿಂದ ಬಿದ್ದ ಒಡವೆಗಳು ಮಗಳವೇ ಎಂದು ಕೇಳಿದರೆ, ಹೋಲುತ್ತವೆ, ಆದರೆ ಅವೇ ಅಲ್ಲವೆಂದು ಮುದುಕಿಯು ಹೇಳುತ್ತಾಳೆ. ಸತ್ತ ಮಗಳು ಸತ್ತಳು, ಈತನಾದರೂ ಬಾಳಲಿ ಎನ್ನುತ್ತಾಳೆ. ಅಷ್ಟಕ್ಕೇ ನಿಲ್ಲದೆ, ವ್ಯವಹಾರವು ವಾದಿಪ್ರತಿವಾದಿಗಳಿಗೆ ಸೇರಿದ್ದು, ಹೆತ್ತವಳಾದ ತಾನೇ ವಾದಿ, ಆದುದರಿಂದ ಈತನನ್ನು ಬಿಟ್ಟುಬಿಡಿರೆಂದು ವಾದಿಸುತ್ತಾಳೆ. ಈ ಇಡಿಯ ಅಂಕದಲ್ಲಿ ವಕೀಲನ ಮಾತೆನ್ನಬಹುದಾದುದು ಇದೊಂದೇ. ಅದನ್ನು ಆಡಿದವಳು ಶಾಸ್ತ್ರವನ್ನೋದಿದವಳಲ್ಲ, ಗಣಿಕೆಯ ತಾಯಿ. ಆಕೆಯ ಹೊಟ್ಟೆಯನ್ನು ನೋಡಿ ನಗುವ ವಿನೋದವು ನಾಲ್ಕನೆಯ ಅಂಕದಲ್ಲಿ ಬಂದುದನ್ನು ಬಲ್ಲ ಪ್ರೇಕ್ಷಕನು ಇಲ್ಲಿ ತಲೆತಗ್ಗಿಸಬೇಕಾಗುತ್ತದೆ. ಆದರೆ ವಧೆಯ ಆಪಾದನೆಯನ್ನು ರಾಜಪುರುಷರು ಕೈಗೆತ್ತಿಕೊಂಡ ಮೇಲೆ ತಾಯಿಯ ಕ್ಷಮೆಗೆ ಬೆಲೆಯಿಲ್ಲ. ಆಕೆಯನ್ನು ಹೊರಗೆ ಕಳುಹಿಸುತ್ತಾರೆ.

ಮೂರನೆಯವನು ಮಿತ್ರನಾದ ಮೈತ್ರೇಯ. ಆತನಿಗೆ ಗೊತ್ತಿರುವ ವಾದವು ಬೈಗುಳ ಮತ್ತು ಕೈಯ ಕೋಲು. ಶಕಾರನ ಮೇಲೆ ಬಿದ್ದು ಜಗಳಾಡುವಾಗ ಕಂಕುಳಲ್ಲಿದ್ದ ಒಡವೆಗಳು ಸಭೆಯ ನಡುವೆ ಉದುರುತ್ತವೆ. ಅವು ಎಲ್ಲಿಂದ ಬಂದವು? ಚಾರುದತ್ತನ ಮಗು ರೋಹಸೇನನು ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿಯೇ ಬೇಕೆಂದು ಅತ್ತಾಗ ವಸಂತಸೇನೆಯು ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಆ ಮಣ್ಣಿನ ಬಂಡಿಯಲ್ಲಿ ತುಂಬಿದಳು. ಅವನ್ನು ಮರಳಿಸಿ ಬಾರೆಂದು ಚಾರುದತ್ತನು ಮಿತ್ರನನ್ನು ಕಳುಹಿಸಿದ್ದನು. ನಾಟಕಕ್ಕೆ ಹೆಸರನ್ನು ಕೊಟ್ಟ ವಾತ್ಸಲ್ಯವೇ ಕೊಲೆಗೆ ಪ್ರಮಾಣವಾಗಿ ಪರಿಣಮಿಸಿತು. ಒಡವೆಯನ್ನು ಹಿಂತಿರುಗಿಸುವ ಪ್ರಾಮಾಣಿಕತೆಯಿಲ್ಲದಿದ್ದರೆ ಅದು ಸಭೆಗೆ ಬರುತ್ತಲೇ ಇರಲಿಲ್ಲ. ಶೀರ್ಷಿಕೆಯ ಔಚಿತ್ಯವನ್ನು ಆರನೆಯ ಅಂಕದಲ್ಲಿ ಮಾತ್ರ ಕಂಡು ತೃಪ್ತರಾಗುವ ವ್ಯಾಖ್ಯಾತೃಗಳು ಒಂಬತ್ತನೆಯದರಲ್ಲಿ ಅದು ಪೂರ್ಣವಾಗುವುದನ್ನು ಗಮನಿಸಬೇಕು.

ಇನ್ನು ಉಳಿದವನು ಚಾರುದತ್ತ. ವ್ಯವಹಾರಕ್ಕೆ ನಾಲ್ಕು ಪಾದಗಳು: ದೂರು, ಉತ್ತರ, ಪ್ರಮಾಣ, ನಿರ್ಣಯ. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರೆ’ಯಲ್ಲಿ ಇದರ ವಿವರವನ್ನು ಕಾಣಬಹುದು. ಉತ್ತರವು ನಾಲ್ಕು ವಿಧ. ಮಾಡಿಲ್ಲವೆನ್ನುವುದು ಮಿಥ್ಯೋತ್ತರ, ಒಪ್ಪುವುದು ಸಂಪ್ರತಿಪತ್ತಿ, ಒಪ್ಪಿ ಬೇರೆ ಕಾರಣವನ್ನು ಮುಂದಿಡುವುದು ಕಾರಣೋತ್ತರ, ಇದು ಹಿಂದೆಯೇ ತೀರಿದೆಯೆನ್ನುವುದು ಪ್ರಾಙ್‌ನ್ಯಾಯ. ಮಿಥ್ಯೋತ್ತರವನ್ನು ಹೇಳಿದರೆ ಪ್ರಮಾಣದ ಹೊರೆಯು ವಾದಿಯ ಮೇಲೆ ಬೀಳುತ್ತದೆ. ಚಾರುದತ್ತನು ನೆಟ್ಟಗೆ ಅಷ್ಟನ್ನೇ ಹೇಳಿ ಅದರಲ್ಲಿಯೇ ನಿಂತಿದ್ದರೆ, ಕೊಲೆಯನ್ನು ಕಂಡ ಸಾಕ್ಷಿಯನ್ನು ಶಕಾರನು ತರಬೇಕಾಗುತ್ತಿತ್ತು. ಆತನಲ್ಲಿ ಯಾವ ಸಾಕ್ಷಿಯಿದ್ದನು? ವಿಟನು ಅಸಹ್ಯಪಟ್ಟು ಬಿಟ್ಟುಹೋಗಿದ್ದನು; ಸೇವಕ ಸ್ಥಾವರಕನು ಸತ್ಯವನ್ನು ಹೇಳಿಯಾನೆಂದು ಸಂಕೋಲೆಯಲ್ಲಿದ್ದನು.

ಆದರೆ ಚಾರುದತ್ತನು ಕೊಟ್ಟ ಉತ್ತರವೇನು? ಹೂವಿಗಾಗಿ ಬಳ್ಳಿಯನ್ನು ಬಗ್ಗಿಸಲಾರದ ಕೈ ಹೆಂಗಸಿನ ಮುಡಿಯನ್ನು ಹಿಡಿದೀತೆ ಎಂಬ ಭಾವದ ಸೊಗಸಾದ ಶ್ಲೋಕ. ಕಾವ್ಯವಾಗಿ ಅದು ರಮಣೀಯ, ಉತ್ತರವಾಗಿ ನಿರರ್ಥಕ. ಗಣಿಕೆಯ ಸ್ನೇಹವನ್ನು ಒಪ್ಪಿಕೊಳ್ಳುವುದಕ್ಕೆ ನಾಚುತ್ತಾನೆ. ಆಕೆ ಎಲ್ಲಿಗೆ, ಹೇಗೆ, ಯಾರ ಜೊತೆಯಲ್ಲಿ ಹೋದಳೆಂದರೆ ಹೇಳಲಾರನು. ಒಡವೆಯ ವಿಷಯದಲ್ಲಿ ಮಗುವಿನ ಕಥೆಯನ್ನು ಬಿಡಿಸಿ ಹೇಳುವುದಿಲ್ಲ. ಇದ್ದುದನ್ನು ಇದ್ದಂತೆ ಹೇಳಬಾರದೇಕೆಂದು ಮೈತ್ರೇಯನು ಕೇಳಿದರೆ, ಅರಸನ ದೃಷ್ಟಿಯು ದುರ್ಬಲವಾದುದು, ಹೇಳಿಕೊಂಡರೆ ದೈನ್ಯವೊಂದೇ ಮಿಗುವುದು ಎಂದುಬಿಡುತ್ತಾನೆ. ಕಡೆಗೆ ಬೇಸತ್ತು, ನಿರ್ದಯನಾದ ತನ್ನಿಂದ ಆ ಹೆಣ್ಣು ಎಂದು ವಾಕ್ಯವನ್ನು ಆರಂಭಿಸಿ, ಉಳಿದುದನ್ನು ಈತನು ಹೇಳುವನೆಂದು ಶಕಾರನನ್ನು ತೋರಿಸುತ್ತಾನೆ. ಕ್ರಿಯಾಪದವನ್ನು ತುಂಬಿದವನು ಕೊಲೆಗಾರನೇ! ಸಭೆಯು ಅದನ್ನು ಸಂಪ್ರತಿಪತ್ತಿಯೆಂದು ಎಣಿಸಿತು. ಒಪ್ಪಿಕೊಂಡ ಮೇಲೆ ವ್ಯವಹಾರವು ಎರಡೇ ಪಾದಗಳಿಂದ ನಡೆಯುತ್ತದೆ. ಪ್ರಮಾಣದ ಆವಶ್ಯಕತೆಯೇ ಉಳಿಯುವುದಿಲ್ಲ. ಕರ್ತೃಪದವೊಬ್ಬನದು, ಕ್ರಿಯಾಪದ ಮತ್ತೊಬ್ಬನದು ಆದ ವಾಕ್ಯವು ಯಾರ ಒಪ್ಪಿಗೆಯೆಂದು ಕೇಳುವವರೇ ಇಲ್ಲದೆ ಹೋಯಿತು.

ಚಾರುದತ್ತನ ಈ ನಡತೆಯನ್ನು ಕೇವಲ ಧೀರಪ್ರಶಾಂತ ನಾಯಕನ ಉದಾಸೀನವೆಂದು ಹೇಳಿ ಕೈಬಿಡುವುದುಂಟು. ಅದು ಸಾಲದು. ವೀರಕನೆಂಬ ರಕ್ಷಾಧಿಕಾರಿಯ ಸಾಕ್ಷ್ಯವನ್ನು ಪರಿಶೀಲಿಸಿದರೆ ಮೌನದ ಒಳಮನೆಯು ತೆರೆಯುತ್ತದೆ. ಚಾರುದತ್ತನ ಬಂಡಿಯು ವಸಂತಸೇನೆಯನ್ನು ಹೊತ್ತು ಪುಷ್ಪಕರಂಡಕಕ್ಕೆ ಹೋಗುತ್ತಿದ್ದಿತೆಂದು ವೀರಕನು ಹೇಳುತ್ತಾನೆ. ಆತನು ಬಂಡಿಯ ಒಳಗೆ ನೋಡಿದನೆ? ಇಲ್ಲ. ಬಂಡಿಯವನ ಮಾತನ್ನು ಕೇಳಿದನು. ಒಳಗೆ ಇಣುಕಿದವನು ಚಂದನಕ. ತಾನೂ ನೋಡಬೇಕೆಂದು ಹೋದ ವೀರಕನಿಗೆ ಚಂದನಕನು ಒದೆ ಕೊಟ್ಟನು. ಒಳಗೆ ಕಂಡೆಯಾ, ಚಂದನಕನು ನಿನ್ನನ್ನು ತಡೆದುದೇಕೆ ಎಂಬ ಎರಡು ಪ್ರಶ್ನೆಗಳನ್ನು ಯಾವ ಎಳೆಯ ವಕೀಲನಾದರೂ ಕೇಳಿದ್ದರೆ ಶಕಾರನ ಕಟ್ಟಡವು ಅಲ್ಲಿಯೇ ಉರುಳುತ್ತಿದ್ದಿತು. ಬಂಡಿಯವನಾದ ವರ್ಧಮಾನಕನನ್ನು ಸಭೆಯು ಕರೆಯಿಸಲೂ ಇಲ್ಲ.

ಆದರೆ ಆ ಎರಡನೆಯ ಪ್ರಶ್ನೆಗೆ ಉತ್ತರವೇನು? ಬಂಡಿಯಲ್ಲಿದ್ದವನು ಸೆರೆಯನ್ನೊಡೆದು ಬಂದ ಆರ್ಯಕ. ಪಾಲಕನ ಸಿಂಹಾಸನಕ್ಕೆ ಕಂಟಕನೆಂದು ಬಂಧಿತನಾಗಿದ್ದವನು. ಚಾರುದತ್ತನು ಆತನಿಗೆ ಅಭಯವಿತ್ತು, ಅದೇ ಬಂಡಿಯಲ್ಲಿ ಮುಂದಕ್ಕೆ ಕಳುಹಿಸಿಕೊಟ್ಟಿದ್ದನು. ಸಭೆಯಿಂದ ಕರೆ ಬಂದಾಗ ಚಾರುದತ್ತನಿಗೆ ಮೊದಲು ಹೊಳೆಯುವ ಶಂಕೆಯೇ ಈ ಸಂಗತಿಯು ಅರಸನ ಕಿವಿಗೆ ಬಿದ್ದಿತೋ ಎಂಬುದು. ವೀರಕನು ಬಂಡಿಯ ಮಾತೆತ್ತಿದಾಗ ಆತನು ತುಟಿಬಿಚ್ಚದಿರುವುದಕ್ಕೆ ಅರ್ಥವು ಇಲ್ಲಿದೆ. ತನ್ನನ್ನು ಉಳಿಸುವ ಸತ್ಯವೂ ಶರಣಾಗತನನ್ನು ಕೊಲ್ಲುವ ಸತ್ಯವೂ ಒಂದೇ ಆಗಿದ್ದಿತು. ಕೊಲೆಯ ಆಪಾದನೆಯಿಂದ ಬಿಡಿಸಿಕೊಳ್ಳಲು ರಾಜದ್ರೋಹವನ್ನು ಒಪ್ಪಬೇಕು. ತಾನು ಸಾಯುವುದೇನೋ ತಪ್ಪದು, ಜೊತೆಗೆ ಆರ್ಯಕನ ಜಾಡೂ ಚಂದನಕನ ತಲೆಯೂ ಹೋಗುವುವು. ಕವಿಯು ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಹೇಳದೆಯೇ ತಿಳಿಯುವಂತೆ ಮಾಡುವುದನ್ನೇ ಆಲಂಕಾರಿಕರು ಧ್ವನಿಯೆಂದಿರುವರು.

ಹಾಗೆಂದು ಚಾರುದತ್ತನ ಮೌನವೆಲ್ಲವೂ ಒಂದೇ ತೂಕದ್ದೆಂದು ಒಪ್ಪುವುದು ವಿಮರ್ಶೆಯಾಗದು. ಬಂಡಿಯನ್ನು ಕುರಿತ ಮೌನವು ಧರ್ಮ. ಒಡವೆಯನ್ನು ಕುರಿತ ಮೌನಕ್ಕೆ ಆ ಹೆಸರು ಸಲ್ಲದು. ಮಗುವಿನ ಬಂಡಿಯ ಕಥೆಯನ್ನು ಹೇಳಿದ್ದರೆ ಆರ್ಯಕನಿಗೆ ಏನೂ ಕೆಡುತ್ತಿರಲಿಲ್ಲ. ಅಲ್ಲಿ ಆತನನ್ನು ತಡೆದುದು ಬೇಡಿಕೊಳ್ಳಲಾರದ ಅಭಿಮಾನ, ಮತ್ತು ವಸಂತಸೇನೆಯಿಲ್ಲದ ಬಾಳು ಬೇಡವೆಂಬ ನಿರ್ವೇದ. ಕೊಟ್ಟು ರೂಢಿಯಾದ ಕೈಗೆ ನಂಬಿಕೆಯನ್ನು ಬೇಡಿ ಒಡ್ಡುವುದು ಬಾರದು. ಆದರೆ ಆತನು ಒಬ್ಬನೇ ಅಲ್ಲ; ಮನೆಯಲ್ಲಿ ಧೂತಾದೇವಿಯುಂಟು, ರೋಹಸೇನನುಂಟು. ಹತ್ತನೆಯ ಅಂಕದಲ್ಲಿ ವಧ್ಯಸ್ಥಾನದ ದಾರಿಗೆ ಮಗುವು ಬಂದು ತಂದೆಗೆ ಬದಲಾಗಿ ತನ್ನನ್ನು ಕೊಲ್ಲಿರೆನ್ನುವುದೂ, ಧೂತೆಯು ಅಗ್ನಿಪ್ರವೇಶಕ್ಕೆ ಸಿದ್ಧಳಾಗುವುದೂ ಈ ಅಭಿಮಾನದ ಲೆಕ್ಕಕ್ಕೇ ಸೇರತಕ್ಕವು. ನಾಯಕನ ಗುಣದಲ್ಲಿಯೇ ಆತನ ದೋಷವನ್ನು ಹುದುಗಿಸಿಟ್ಟಿರುವುದರಿಂದಲೇ ಚಾರುದತ್ತನು ಗೊಂಬೆಯಾಗದೆ ಮನುಷ್ಯನಾಗಿ ಉಳಿದಿರುವನು.

ನಿರ್ಣಯದಲ್ಲಿ ತಾವು ಪ್ರಮಾಣ, ಉಳಿದುದಕ್ಕೆ ಅರಸನು ಪ್ರಮಾಣವೆಂದು ಹೇಳಿ ಅಧಿಕರಣಿಕನು ಕೈತೊಳೆದುಕೊಳ್ಳುತ್ತಾನೆ. ಬ್ರಾಹ್ಮಣನು ವಧಾರ್ಹನಲ್ಲ, ಆತನ ಸೊತ್ತನ್ನು ಮುಟ್ಟದೆ ದೇಶದಿಂದ ಹೊರಡಿಸತಕ್ಕದ್ದೆಂಬ ಮನುವಚನವನ್ನು ಮಾತ್ರ ಜೊತೆಗೆ ಬರೆದು ಕಳುಹಿಸುತ್ತಾನೆ. ಪಾಲಕನು ಅದನ್ನು ಲೆಕ್ಕಿಸದೆ, ಅದೇ ಒಡವೆಗಳನ್ನು ಕೊರಳಿಗೆ ಕಟ್ಟಿ, ಡಂಗುರ ಹೊಡೆಯಿಸಿ, ಶೂಲಕ್ಕೇರಿಸಿರೆಂದು ಆಜ್ಞಾಪಿಸುತ್ತಾನೆ. ವಿಷ, ಜಲ, ತುಲೆ, ಅಗ್ನಿ ಎಂಬ ದಿವ್ಯಗಳಿಂದಲಾದರೂ ಪರೀಕ್ಷಿಸಬಾರದಿತ್ತೆ ಎಂದು ಚಾರುದತ್ತನು ಆಗ ಕೇಳುತ್ತಾನೆ. ಅದೇ ಸಭೆಯಲ್ಲಿ ಆತನು ಎತ್ತಿದ ಮೊದಲನೆಯ ನ್ಯಾಯಾಕ್ಷೇಪ. ಅದು ಬಂದುದು ತೀರ್ಪಾದ ಮೇಲೆ.

ಮುಂದಿನ ಅಂಕದಲ್ಲಿ ಎಲ್ಲವೂ ಸರಿಹೋಗುತ್ತದೆ. ಆದರೆ ಯಾವುದರಿಂದ ಎಂಬುದನ್ನು ನೋಡಬೇಕು. ಸ್ಥಾವರಕನು ಪ್ರಾಸಾದದಿಂದ ಧುಮುಕಿ ಸತ್ಯವನ್ನು ಕೂಗಿ ಹೇಳಿದರೂ ದಾಸನ ಮಾತೆಂದು ಅದು ನಿಲ್ಲಲಿಲ್ಲ. ಸತ್ತಳೆಂದವಳು ಜೀವಂತವಾಗಿ ಬಂದು ನಿಂತುದರಿಂದ ಚಾರುದತ್ತನ ತಲೆ ಉಳಿಯಿತು. ಪಾಲಕನು ಹತನಾಗಿ ಆರ್ಯಕನು ಪಟ್ಟವೇರಿದುದರಿಂದ ಆತನ ಮಾನವು ಉಳಿಯಿತು. ನ್ಯಾಯಸ್ಥಾನವು ತನ್ನ ತಪ್ಪನ್ನು ತಾನು ತಿದ್ದಿಕೊಳ್ಳಲೇ ಇಲ್ಲ. ಚಂದನಕನಿಗೆ ಅಧಿಕಾರ, ಭಿಕ್ಷುವಿಗೆ ವಿಹಾರಗಳ ಒಡೆತನ, ಸ್ಥಾವರಕನಿಗೆ ದಾಸ್ಯದಿಂದ ಬಿಡುಗಡೆ, ಶಕಾರನಿಗೂ ಚಾರುದತ್ತನಿಂದ ಕ್ಷಮೆ ಹೀಗೆ ಎಲ್ಲರ ಗತಿಯನ್ನೂ ಹೇಳಿದ ಕವಿಯು ಅಧಿಕರಣಿಕನ ವಿಷಯದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಅರಸು ಬದಲಾದರೂ ಆತನು ಅದೇ ಪೀಠದಲ್ಲಿ ಕುಳಿತಿರಬಹುದು. ಒಳ್ಳೆಯವನು, ತಿಳಿದವನು, ಅಂಜುವವನು.

ಪ್ರಸಿದ್ಧನಾದ ಆಪಾದಿತನಿಗೆ ಕೀರ್ತಿಯು ಆಸನವನ್ನು ಕೊಡಿಸೀತು. ಸಾಕ್ಷಿಗೆ ಕೇಳಬೇಕಾದ ಪ್ರಶ್ನೆಯನ್ನು ಕೇಳಿಸಲಾರದು. ಆ ಪ್ರಶ್ನೆಯನ್ನು ಕೇಳುವ ಧೈರ್ಯವು ಪೀಠದಲ್ಲಿರಬೇಕು. ಅದಿಲ್ಲದ ಸಭೆಯಲ್ಲಿ ಚಾರುದತ್ತನಂತಹವನ ಗತಿಯೇ ಹೀಗಾದರೆ, ಹೆಸರಿಲ್ಲದವನ ಗತಿಯೇನೆಂಬುದನ್ನು ಶೂದ್ರಕನು ಸಹೃದಯರ ವಿಚಾರಕ್ಕೆ ಬಿಟ್ಟಿರುವನು.